ಮನೆಯ ಗ್ಯಾಸ್ ಒಲೆಯ ಮೇಲೆ ದಾವಣಗೆರೆ ಬೆಣ್ಣೆ ದೋಸೆ: ನನ್ನ ಅನುಭವ

ದಾವಣಗೆರೆ ದೋಸೆಯ ಹಿಟ್ಟಿಗೆ ಮಂಡಕ್ಕಿ ಬೀಳಲೇಬೇಕು. ಮಂಡಕ್ಕಿ ಭಟ್ಟಿಗಳ ಊರಿನ ದೋಸೆ, ಅದಿಲ್ಲದೆ ಹೇಗಾದೀತು? ಊರು ಬಿಟ್ಟವರು ಅವಲಕ್ಕಿ, ಅನ್ನ ಏನೇನೋ ರುಬ್ಬಿ ಹಾಕಿ ನೋಡುತ್ತಾರೆ. ದೋಸೆ ಮೆತ್ತಗಾಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅಂಚು ಕರಕರ, ನಡುವೆ ಹತ್ತಿಯಂಥ ಹಗುರ, ಇವೆರಡೂ ಒಂದೇ ತುತ್ತಿನಲ್ಲಿ ಸಿಗಬೇಕಾದರೆ ಮಂಡಕ್ಕಿಯೇ ಬೇಕು. ಅದರ ಪಿಷ್ಟ ಭಟ್ಟಿಯ ಬಿಸಿ ಮರಳಿನಲ್ಲೇ ಅರಳಿ ಬೆಂದಿರುವುದರಿಂದ ಹಿಟ್ಟಿನಲ್ಲಿ ನೀರು ಹಿಡಿದುಕೊಂಡು ಒಳಭಾಗವನ್ನು ಮೃದುವಾಗಿ ಇಡುತ್ತದೆ.

ನಾನು ಹಾಕುವ ಅಳತೆ: ದೋಸೆ ಅಕ್ಕಿ ಮೂರು ಲೋಟ (ಸುಮಾರು 500 ಗ್ರಾಂ), ಉದ್ದಿನಬೇಳೆ ಅರ್ಧ ಲೋಟ, ಮಂಡಕ್ಕಿ ಎರಡು ಲೋಟ, ಮೆಂತ್ಯ ಒಂದು ಚಮಚ. ಉದ್ದು ಕಡಿಮೆಯಾಯಿತು ಅನ್ನಿಸಬಹುದು, ಆದರೆ ಕೈ ತಡೆಯಿರಿ. ಒಂದು ಲೋಟ ಉದ್ದು ಹಾಕಿದರೆ ದೋಸೆ ಹರಿಯದೆ ರಬ್ಬರಿನಂತೆ ಎಳೆಯುತ್ತದೆ. ಮಂಡಕ್ಕಿ ಮೂರು ಲೋಟ ದಾಟಿದರೆ ಹಿಟ್ಟು ಹಂಚಿಗೆ ಅಂಟುತ್ತದೆ, ಬೆಣ್ಣೆಯನ್ನೆಲ್ಲ ಕುಡಿದು ಜಿಡ್ಡಾಗುತ್ತದೆ.

ಅಕ್ಕಿ ಮತ್ತು ಉದ್ದು-ಮೆಂತ್ಯ ಬೇರೆ ಬೇರೆಯಾಗಿ ಐದು ಗಂಟೆ ನೆನೆಯಲಿ. ಮಂಡಕ್ಕಿಗೆ ರುಬ್ಬುವ ಮುಂಚಿನ ಹತ್ತೇ ನಿಮಿಷ ಸಾಕು, ಹಿಂಡಿ ಹಾಕಿ. ಉದ್ದನ್ನು ಮೊದಲು ರುಬ್ಬಿ, ಒಂದು ತೊಟ್ಟು ನೀರಿಗೆ ಬಿಟ್ಟರೆ ತೇಲಬೇಕು. ಮಿಕ್ಸಿಯಲ್ಲಾದರೆ ತಣ್ಣೀರನ್ನೇ ಬಳಸಿ, ಬಿಸಿಯಾದ ಹಿಟ್ಟು ಸರಿಯಾಗಿ ಉಬ್ಬುವುದಿಲ್ಲ. ಅಕ್ಕಿ ನುಣ್ಣಗಾದರೂ ಬೆರಳಿಗೆ ಸಣ್ಣ ತರಿ ಸಿಗುವಂತಿರಲಿ. ಮಂಡಕ್ಕಿ ಕೊನೆಗೆ, ಅಕ್ಕಿಯ ಜೊತೆಗೇ. ಹಿಟ್ಟು ಸೌಟಿನಿಂದ ಧಾರೆಯಾಗಿ ಹರಿಯಬಾರದು, ದಪ್ಪಗೆ ಮಡಿಕೆ ಬೀಳುತ್ತ ಇಳಿಯಬೇಕು.

ಬೇಸಿಗೆಯಲ್ಲಿ ಎಂಟು ಗಂಟೆಗೆ ಹುದುಗು ಬರುತ್ತದೆ, ಚಳಿಗಾಲದಲ್ಲಿ ಹನ್ನೆರಡರಿಂದ ಹದಿನಾಲ್ಕು. ಹಿಟ್ಟು ಪಾತ್ರೆಯಲ್ಲಿ ಒಂದೂವರೆ ಪಟ್ಟಿಗೆ ಏರಿದ್ದೇ ತಡ, ಫ್ರಿಜ್ಜಿಗೆ ಸೇರಿಸಿ. ಹುಳಿ ಹೆಚ್ಚಾದ ಹಿಟ್ಟಿನಲ್ಲಿ ಸಕ್ಕರೆಯ ಅಂಶ ಖಾಲಿಯಾಗಿರುತ್ತದೆ. ಎಷ್ಟು ಹೊತ್ತು ಹಂಚಿನ ಮೇಲಿಟ್ಟರೂ ಆ ದೋಸೆ ಬಿಳಚಿಕೊಂಡೇ ಇರುತ್ತದೆ. ಹುಯ್ಯುವ ಮುಂಚೆ ಉಪ್ಪು, ಒಂದು ಚಮಚ ಸಕ್ಕರೆ, ಕಾಲು ಚಮಚಕ್ಕಿಂತ ಕಡಿಮೆ ಸೋಡಾ. ಸೋಡಾ ಜಾಸ್ತಿಯಾದರೆ ತೂತು ಚೆನ್ನಾಗಿ ಬೀಳುತ್ತವೆ, ಬಾಯಲ್ಲಿ ಮಾತ್ರ ಸಾಬೂನು.

ಇಷ್ಟೆಲ್ಲ ಸರಿಯಾದರೂ ಹೋಟೆಲಿನ ದೋಸೆ ಆಗದಿದ್ದರೆ ಹಂಚಿನ ಕಡೆ ನೋಡಿ. ಅಲ್ಲಿ ಸೌದೆ ಒಲೆ, ಅದರ ಮೇಲೆ ಅಗಲವಾದ ದಪ್ಪ ಕಬ್ಬಿಣ. ತಣ್ಣನೆ ಹಿಟ್ಟು ಬಿದ್ದರೂ ಅದರ ಕಾವು ಇಳಿಯುವುದಿಲ್ಲ. ನಮ್ಮ ತೆಳು ನಾನ್‌ಸ್ಟಿಕ್ ಒಂದು ಸೌಟು ಹಿಟ್ಟಿಗೇ ತಣ್ಣಗಾಗಿ, ದೋಸೆಯನ್ನು ಹುರಿಯುವ ಬದಲು ಬೇಯಿಸುತ್ತದೆ. ಎರಡೂವರೆ ಕಿಲೋ ತೂಗುವ ಎರಕದ ಹಂಚು ತಂದ ಮೇಲೆ ನನ್ನ ಅರ್ಧ ತೊಂದರೆ ತೀರಿತು. ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ನೀರು ಚಿಮುಕಿಸಿ. ಹನಿ ಮುತ್ತಾಗಿ ಓಡಾಡಿದರೆ ಕಾವು ಹೆಚ್ಚು. ಚುಂಯ್ ಎಂದು ಎರಡು ಮೂರು ಸೆಕೆಂಡಿನಲ್ಲಿ ಆರಿದರೆ ಹದ. ಗ್ಯಾಸಿನ ಉರಿ ಬಳೆಯಂತೆ ಒಂದೇ ಜಾಗವನ್ನು ಸುಡುವುದರಿಂದ ಪ್ರತಿ ದೋಸೆಗೂ ಹಂಚನ್ನು ಕಾಲು ಸುತ್ತು ತಿರುಗಿಸುತ್ತೇನೆ.

ಅರ್ಧ ಈರುಳ್ಳಿಯಿಂದ ಹಂಚು ಒರೆಸಿ, ಒಂದು ಸೌಟು ಹಿಟ್ಟು ಹಾಕಿ ಏಳು ಇಂಚಿಗೆ ನಿಲ್ಲಿಸಿ. ಕಾಗದದಂತೆ ಎಳೆಯುವ ಚಪಲ ಬೇಡ, ಅದು ಬೇರೆ ಊರಿನ ದೋಸೆ. ಹಿಟ್ಟು ಸೌಟಿನ ಜೊತೆಗೇ ಎದ್ದು ಬಂದರೆ ಒಂದೋ ಕಾವು ಹೆಚ್ಚು, ಇಲ್ಲವೇ ಹಂಚಿನ ಮೇಲೆ ಜಿಡ್ಡು ಉಳಿದಿದೆ. ಬೆಣ್ಣೆ ಮೊದಲೇ ಸವರಬಾರದು ಅನ್ನುವುದು ಇದಕ್ಕೇ. ಇಪ್ಪತ್ತು ಸೆಕೆಂಡಿಗೆ ತೂತು ಒಡೆಯುತ್ತವೆ. ಆಗ ಒಂದು ದೊಡ್ಡ ಚಮಚ ಬೆಣ್ಣೆಯನ್ನು ಮೇಲೆ, ಸುತ್ತಲೂ ಬಿಟ್ಟು ಅರ್ಧ ನಿಮಿಷ ಮುಚ್ಚಿ. ಮುಚ್ಚಳ ತೆಗೆದು ಅಂಚಿಗೆ ಇನ್ನೊಂದಿಷ್ಟು ಬೆಣ್ಣೆ, ಅಂಚು ತಾನಾಗಿ ಬಿಡುವ ತನಕ ಕಾಯಿರಿ. ತೂತುಗಳಿಂದ ಇಳಿದ ಬೆಣ್ಣೆ ತಳದಲ್ಲಿ ಸಣ್ಣಗೆ ಕುದಿಯುವ ಸದ್ದು ಕೇಳುತ್ತದೆ. ಆ ಸದ್ದು ಕಡಿಮೆಯಾಯಿತೆಂದರೆ ನೀರಂಶ ಹೋಗಿ ಬಣ್ಣ ಏರುತ್ತಿದೆ ಎಂದರ್ಥ, ಇನ್ನು ಮಡಚಬೇಕು. ತಿರುವಿ ಹಾಕುವುದಿಲ್ಲ.

ಬೆಣ್ಣೆ ಬಿಳಿಯದೇ ಇರಲಿ, ಉಪ್ಪಿಲ್ಲದ್ದು. ಪೊಟ್ಟಣದ ಹಳದಿ ಉಪ್ಪು ಬೆಣ್ಣೆ ಸುರಿದು ದಾವಣಗೆರೆ ಎಂಬ ಬೋರ್ಡು ಹಾಕಿದರೆ ಆಗಿಹೋಯಿತೇ? ವಾರದ ಕೆನೆ ಕೂಡಿಸಿ, ಒಂದು ಚಮಚ ಮೊಸರು ಬೆರೆಸಿ ರಾತ್ರಿ ಹೆಪ್ಪಾಗಲು ಬಿಟ್ಟು, ಬೆಳಿಗ್ಗೆ ತಣ್ಣೀರು ಹಾಕಿ ಕಡೆಯುತ್ತೇನೆ. ತೊಳೆದ ನೀರು ತಿಳಿಯಾಗುವ ತನಕ ಮೂರು ನಾಲ್ಕು ಬಾರಿ ತೊಳೆಯಬೇಕು. ಮಜ್ಜಿಗೆ ಉಳಿದರೆ ಅದೇ ಮೊದಲು ಸೀದು ಹಂಚಿನ ಮೇಲೆ ಕಪ್ಪು ಚುಕ್ಕೆ ಬಿಡುತ್ತದೆ.

ಪಲ್ಯ ಸಪ್ಪೆಯಾಗಿರುವುದೇ ಚಂದ. ಅರ್ಧ ಕಿಲೋ ಆಲೂಗಡ್ಡೆ ಬೇಯಿಸಿ ಕಿವುಚಿ, ಬಾಡಿಸಿದ ಒಂದು ಈರುಳ್ಳಿ, ಎರಡು ಹಸಿಮೆಣಸಿನಕಾಯಿ, ಉಪ್ಪು. ಅರಿಶಿನ ಹಾಕಬೇಡಿ. ಖಾರವೆಲ್ಲ ಚಟ್ನಿಯ ಕೆಲಸ: ಒಂದು ಬಟ್ಟಲು ತೆಂಗಿನಕಾಯಿ, ಎರಡು ಚಮಚ ಪುಟಾಣಿ (ಹುರಿಗಡಲೆ), ಆರು ಹಸಿಮೆಣಸಿನಕಾಯಿ, ಉಪ್ಪು. ನುಣ್ಣಗೆ ರುಬ್ಬಿ, ತಟ್ಟೆಯಲ್ಲಿ ಹರಿಯುವಷ್ಟು ತೆಳ್ಳಗೆ ಮಾಡಿ. ಒಗ್ಗರಣೆ ಬೇಕಿಲ್ಲ, ಎಣ್ಣೆ ಬಿದ್ದರೆ ಬೆಣ್ಣೆಯ ಪರಿಮಳ ಸಾಯುತ್ತದೆ.

ಸೌದೆಯ ಹೊಗೆಯ ವಾಸನೆ ಮನೆಯಲ್ಲಿ ಬರುವುದಿಲ್ಲ, ಅದರ ಹಿಂದೆ ಬೀಳಬೇಡಿ. ಹೆಚ್ಚು ಜನರಿದ್ದರೆ ದೋಸೆ ಪೇರಿಸಿಡುವುದೂ ಬೇಡ, ಹಬೆಗೆ ಎರಡೇ ನಿಮಿಷದಲ್ಲಿ ಒದ್ದೆಯಾಗುತ್ತವೆ. ಒಬ್ಬೊಬ್ಬರಿಗೂ ಹಂಚಿನಿಂದ ನೇರ ತಟ್ಟೆಗೆ, ಮೇಲೊಂದು ನೆಲ್ಲಿಕಾಯಿ ಗಾತ್ರದ ಬೆಣ್ಣೆ. ಎರಡನೇ ದಿನವೂ ಹಿಟ್ಟು ದೋಸೆಗೆ ನಡೆಯುತ್ತದೆ. ಮೂರನೇ ದಿನಕ್ಕೆ ಹುಳಿಯಾಗಿರುತ್ತದೆ, ಈರುಳ್ಳಿ, ಕರಿಬೇವು ಹೆಚ್ಚಿ ಹಾಕಿ ಪಡ್ಡು ಮಾಡಿಬಿಡಿ.