ಟೊಮೆಟೊ ಕ್ರೇಟು, ಖಾಲಿ ಚೀಲ ಬಿಸಿಲಿಗೆ ಪುಡಿಯಾಗದಂತೆ ಇಡುವುದು ಹೇಗೆ?

ಕೋಲಾರದ ಮಂಡಿಯಿಂದ ವಾಪಸ್ ಬಂದ 15 ಕೆ.ಜಿ. ಕ್ರೇಟುಗಳು ಸೀಸನ್ ಮುಗಿದ ಮೇಲೆ ತೋಟದ ಮೂಲೆಯಲ್ಲೋ ಮನೆ ಮಾಳಿಗೆ ಮೇಲೋ ತಿಂಗಳುಗಟ್ಟಲೆ ಬಿದ್ದಿರುತ್ತವೆ. ಮುಂದಿನ ಕೊಯ್ಲಿಗೆ ಎತ್ತಿಕೊಂಡರೆ ಹಿಡಿಯೇ ಕಿತ್ತು ಕೈಗೆ ಬರುತ್ತದೆ. ರಾಗಿಗೆಂದು ಇಟ್ಟ ಪ್ಲಾಸ್ಟಿಕ್ ಚೀಲದ ಗತಿ ಇನ್ನೂ ಕೆಟ್ಟದ್ದು. ತುಂಬಿ ಎತ್ತಿದರೆ ತಳವೇ ಬಿಟ್ಟುಕೊಳ್ಳುತ್ತದೆ.

ಇದಕ್ಕೆ ಮುಖ್ಯ ಕಾರಣ ಕಾವಲ್ಲ, ಬೆಳಕು. ಬಿಸಿಲಿನ ನೇರಳಾತೀತ (ಯುವಿ) ಕಿರಣ ಪ್ಲಾಸ್ಟಿಕ್ಕಿನ ಉದ್ದುದ್ದ ಅಣುಸರಪಳಿಗಳನ್ನು ತುಂಡರಿಸುತ್ತದೆ, ಗಾಳಿಯ ಆಮ್ಲಜನಕ ಸೇರಿಕೊಂಡು ಆ ಕೆಲಸವನ್ನು ಮುಂದುವರಿಸುತ್ತದೆ. ಕಾವು ಅದನ್ನು ಚುರುಕುಗೊಳಿಸುತ್ತದೆ ಅಷ್ಟೆ. ಹಾಗಾಗಿ ಹವೆ ತಂಪಾಗಿದೆ ಎಂದು ಜನವರಿಯಲ್ಲಿ ಹೊರಗೆ ಬಿಡುವುದೂ ನಷ್ಟವೇ. ಕೋಲಾರ, ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿವೆ. ಪ್ರತಿ 1000 ಮೀಟರ್ ಎತ್ತರಕ್ಕೆ ಈ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ತೆಳು ಮೋಡವೂ ಅದನ್ನು ಹೆಚ್ಚೇನೂ ತಡೆಯದು.

ಮೊದಲು ಹಳೆಯದನ್ನು ಬೇರ್ಪಡಿಸಿ

ಕ್ರೇಟಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ. ಬಿಳಿ ಪುಡಿ ಅಂಟಿದರೆ ಮೇಲ್ಪದರ ಸತ್ತಿದೆ ಎಂದರ್ಥ. ಹಿಡಿಯ ಹತ್ತಿರದ ಪಟ್ಟಿಯನ್ನು ಮೆಲ್ಲಗೆ ಬಗ್ಗಿಸಿ. ಕೂದಲೆಳೆಯಂಥ ಬಿರುಕು ಕಂಡರೆ ಅದು ಇನ್ನು ಭಾರ ತಡೆಯುವುದಿಲ್ಲ. ಬಣ್ಣ ಮಾಸಿದ್ದನ್ನೇ ನೋಡಿ ತೀರ್ಮಾನಿಸಬೇಡಿ. ಕೆಂಪು ಕ್ರೇಟು ತಿಳಿಗುಲಾಬಿಯಾಗಿಯೂ ಗಟ್ಟಿಯಿರಬಹುದು, ಬಣ್ಣ ಉಳಿಸಿಕೊಂಡದ್ದೇ ಮುರಿಯಲೂಬಹುದು. ಚೀಲವಾದರೆ ಬಿಸಿಲು ಬಿದ್ದ ಮಗ್ಗುಲಿನಿಂದ ಒಂದು ಎಳೆ, ಒಳಮಡಿಕೆಯಿಂದ ಇನ್ನೊಂದು ಎಳೆ ಬಿಚ್ಚಿ ಎಳೆದು ನೋಡಿ. ಮೊದಲನೆಯದು ಪಟ್ಟನೆ ತುಂಡಾದರೆ ಆ ಚೀಲಕ್ಕೆ ಧಾನ್ಯ ತುಂಬಬೇಡಿ.

ತಳದಲ್ಲಿ ತ್ರಿಕೋನದೊಳಗೆ ಅಂಕಿ ಇದ್ದರೆ ಗಮನಿಸಿ. 2 ಎಂದರೆ ಎಚ್‌ಡಿಪಿಇ (ಗಟ್ಟಿ ಬಗೆಯ ಪಾಲಿಥೀನ್), 5 ಎಂದರೆ ಪಿಪಿ (ಪಾಲಿಪ್ರೊಪಿಲೀನ್). ಬಿಸಿಲಿಗೆ ಬೇಗ ಸೋಲುವುದು ಪಿಪಿ. ನೇಯ್ದ ಚೀಲಗಳೂ ಹೆಚ್ಚಾಗಿ ಅದರವೇ, ಎಳೆ ತೆಳುವಾದ್ದರಿಂದ ಇನ್ನೂ ಬೇಗ ಹೋಗುತ್ತವೆ. ಜಾಗ ಕಡಿಮೆಯಿದ್ದರೆ ಚೀಲ ಮನೆಯೊಳಗೆ, ಕ್ರೇಟು ಹೊರಗೆ. ಇಂಗಾಲದ ಮಸಿ ಬೆರೆಸಿದ ಕಪ್ಪು ಪ್ಲಾಸ್ಟಿಕ್ ಹೆಚ್ಚು ಕಾಲ ತಾಳುತ್ತದೆ.

ತೊಳೆದು ಒಣಗಿಸಿ

ಇದನ್ನು ಹಾರಿಸುವವರೇ ಹೆಚ್ಚು. ಗಂಧಕ ಅಥವಾ ಕ್ಲೋರಿನ್ ಇರುವ ಬೆಳೆ ಔಷಧಿಯ ಶೇಷ, ಪ್ಲಾಸ್ಟಿಕ್ಕಿಗೆ ಬೆರೆಸಿರುವ ಬಿಸಿಲು ತಡೆಯುವ ರಾಸಾಯನಿಕದ ಶಕ್ತಿಯನ್ನೇ ಕುಂದಿಸುತ್ತದೆ. ಬ್ಲೀಚಿಂಗ್ ಪೌಡರಿನಲ್ಲಿ ತೊಳೆದಿದ್ದರೆ ಬರೀ ನೀರಿನಲ್ಲಿ ಮತ್ತೊಮ್ಮೆ ಜಾಲಿಸಿ, ನೆರಳಲ್ಲಿ ಒಣಗಿಸಿ.

ಜಾಗ: ನೆರಳು ತಿಂಗಳಿಗೊಂದು ಕಡೆ

ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ. ಅವೆರಡರ ನಡುವೆ ಉತ್ತರಕ್ಕೆ ವಾಲಿರುತ್ತಾನೆ. ಗೋಡೆಯ ಉತ್ತರ ಮಗ್ಗುಲಿನ ನೆರಳು ನಂಬಿ ಜನವರಿಯಲ್ಲಿ ಜೋಡಿಸಿದ ಕ್ರೇಟಿಗೆ ಮೇ ತಿಂಗಳಲ್ಲಿ ಬಿಸಿಲು ಬೀಳುವುದು ಇದಕ್ಕೇ. ಡಿಸೆಂಬರಿನಲ್ಲಿ ಇದು ತಿರುವುಮುರುವು. ದಕ್ಷಿಣಕ್ಕೆ ತೆರೆದ ಶೆಡ್ಡಿನ ಸೂರು 8 ಅಡಿ ಎತ್ತರವಿದ್ದರೆ ನಡುಮಧ್ಯಾಹ್ನವೇ ಬಿಸಿಲು ಸುಮಾರು 6 ಅಡಿ ಒಳಗೆ ಬರುತ್ತದೆ. ಆದ್ದರಿಂದ ಮೇಲೆ ಮರೆ ಕಟ್ಟಿದರೆ ಸಾಲದು, ದಕ್ಷಿಣ ಮತ್ತು ಪಶ್ಚಿಮಕ್ಕೆ ಪಕ್ಕದ ಪರದೆಯೂ ಬೇಕು. ಹೊಂಗೆ ಮರದ ಕೆಳಗೆ ತಾತ್ಕಾಲಿಕವಾಗಿ ಇಡಬಹುದು, ಆದರೆ ಎಲೆ ಉದುರುವ ಕಾಲದಲ್ಲಿ ಆ ನೆರಳು ಲೆಕ್ಕಕ್ಕಿಲ್ಲ.

ಚಪ್ಪರ ಕಟ್ಟುವ ಬಗೆ

ತೋಟದಲ್ಲಿ ಹಳೆಯ ಕಲ್ಲುಕೂಚಗಳಿದ್ದರೆ ನಾಲ್ಕು ನೆಟ್ಟು ಮೇಲೆ ಬಿದಿರು ಕಟ್ಟಿ. ಒಂದು ಪಕ್ಕ ಒಂದಡಿ ತಗ್ಗಿರಲಿ, ಇಲ್ಲದಿದ್ದರೆ ಮಳೆನೀರು ನಿಂತು ಹೊದಿಕೆ ಜೋತುಬೀಳುತ್ತದೆ. ಹೊದಿಕೆಗೆ ಯುವಿ ತಡೆಯಿರುವ, ಚದರ ಮೀಟರಿಗೆ 200 ಗ್ರಾಂ ಅಥವಾ ಹೆಚ್ಚು ತೂಗುವ ಟಾರ್ಪಾಲು ತನ್ನಿ. ಬೆಳ್ಳಿ ಬಣ್ಣದ ಮಗ್ಗುಲು ಮೇಲಿರಲಿ. ತೆಳ್ಳಗಿನ ಅಗ್ಗದ ನೀಲಿ ಟಾರ್ಪಾಲು ದುಡ್ಡಿಗೆ ದಂಡ, ಅದೂ ಬಿಸಿಲಿಗೆ ಪುಡಿಯಾಗುವ ಪ್ಲಾಸ್ಟಿಕ್ಕೇ. ಪಾರದರ್ಶಕ ಶೀಟನ್ನಂತೂ ಹೊದಿಸಲೇಬೇಡಿ. ಸಾಮಾನ್ಯ ಶೀಟು ಕಿರಣವನ್ನು ಒಳಬಿಟ್ಟು ಕಾವನ್ನೂ ಹಿಡಿದಿಡುತ್ತದೆ.

ರಾಶಿಗೂ ಟಾರ್ಪಾಲಿಗೂ ನಡುವೆ ಕನಿಷ್ಠ ಒಂದಡಿ ಸಂದು ಬಿಡಿ. ಮೈಗೆ ತಾಗುವಂತೆ ಹೊದಿಸಿದರೆ ಕಾವು ನೇರ ಇಳಿಯುತ್ತದೆ, ಗಾಳಿಗೆ ಅಲ್ಲಾಡಿದಾಗ ಕ್ರೇಟಿನ ಮೂಲೆ ಟಾರ್ಪಾಲನ್ನು ತೂತು ಮಾಡುತ್ತದೆ. ಟಾರ್ಪಾಲಿನ ಅಂಚಿನಲ್ಲಿ ಹಗ್ಗ ಪೋಣಿಸುವ ಕಣ್ಣುಗಳನ್ನು ಒಂದೂ ಬಿಡದೆ ಕಟ್ಟಿ. ಹಗ್ಗದ ಕೊನೆಗೆ ಸೈಕಲ್ ಟ್ಯೂಬಿನ ತುಂಡು ಸೇರಿಸಿದರೆ ಮುಂಗಾರು ಪೂರ್ವದ ಬಿರುಗಾಳಿಗೆ ಕಣ್ಣು ಕಿತ್ತುಹೋಗದು. ಪ್ಲಾಸ್ಟಿಕ್ ಹಗ್ಗಕ್ಕೂ ಇದೇ ರೋಗ ಎನ್ನುವುದು ನೆನಪಿರಲಿ.

ಶೇಡ್ ನೆಟ್ ಸಾಲದೇ? ಶೇ 50ರ ನೆಟ್ ಅರ್ಧ ಬೆಳಕನ್ನು ಬಿಟ್ಟೇ ಬಿಡುತ್ತದೆ. ಹಾಳಾಗುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಎರಡು ಮೂರು ವಾರಕ್ಕಾದರೆ ಸರಿ. ವರ್ಷಕ್ಕಾದರೆ ಅದನ್ನು ಪಕ್ಕದ ಪರದೆಯಾಗಿ ಬಳಸಿ, ಶೇ 75ರದ್ದನ್ನು ಎರಡು ಪದರ ಮಾಡಿ ಕಟ್ಟಿ.

ಜೋಡಣೆ

ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಸೈಜುಗಲ್ಲು ಅಥವಾ ಮರದ ಪಟ್ಟಿ ಹಾಸಿ. ಕ್ರೇಟುಗಳನ್ನು ಬೋರಲು ಹಾಕಿ ಆಳೆತ್ತರದವರೆಗೆ ಪೇರಿಸಿ. ಬೇರ್ಪಡಿಸಿದ ಹಳೆಯವನ್ನು ಮೇಲಿನ ಸಾಲಿಗೂ ಹೊರಸಾಲಿಗೂ ಇಡಿ, ತಪ್ಪಿ ಬಿದ್ದ ಬಿಸಿಲನ್ನು ಅವು ತಿನ್ನಲಿ. ತಳಕ್ಕೆ ಮಾತ್ರ ಬೇಡ, ಭಾರಕ್ಕೆ ಸೀಳುತ್ತವೆ. ಚೀಲಗಳನ್ನು 50ರ ಕಟ್ಟು ಮಾಡಿ ಹಳೆಯ ಸೆಣಬಿನ ಗೋಣಿಯೊಳಗೆ ತುರುಕಿ ಬಾಯಿ ಹೊಲಿಯಿರಿ.

ಪೇರಿಸಿದ ಪ್ರತಿ ರಾಶಿಗೆ ತಂದ ತಿಂಗಳನ್ನು ಬಣ್ಣದಲ್ಲಿ ಬರೆದು, ಮೊದಲು ಬಂದದ್ದನ್ನು ಮೊದಲು ಬಳಸಿ. ಆದ ಪೆಟ್ಟು ನೆರಳಲ್ಲಿಟ್ಟರೆ ವಾಸಿಯಾಗುವುದಿಲ್ಲ, ಬಿಸಿಲು ಕಂಡ ದಿನಗಳು ಕೂಡುತ್ತಲೇ ಹೋಗುತ್ತವೆ. ಟಾರ್ಪಾಲಿನ ಮಡಿಕೆ ಮತ್ತು ಕಣ್ಣುಗಳ ಸುತ್ತ ಫೆಬ್ರುವರಿಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ನೋಡಿ. ಪುಡಿ ಬಿಡುವ ಕ್ರೇಟಿಗೆ ಹಣ್ಣು ತುಂಬಿದರೆ ಚೂರು ಹಣ್ಣಿಗೇ ಅಂಟುತ್ತದೆ. ಅಂಥವನ್ನು ಸುಡದೆ, 2 ಮತ್ತು 5ನೇ ಅಂಕಿಯವನ್ನು ಬೇರೆ ಬೇರೆ ಮಾಡಿ ಗುಜರಿಗೆ ಹಾಕಿ.