ಚೌಕಳಿ ಹಾಳೆಯ ಮೇಲೆ ಬೆಫಂಜ್

ಬೆಫಂಜ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯುವಾಗ ನನಗೆ ಕಂಪ್ಯೂಟರ್‌ಗಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಗಂಗಾವತಿಯಲ್ಲಿ ಕೊಂಡ ಚೌಕಳಿ ನೋಟ್‌ಬುಕ್ಕು. 1993ರಲ್ಲಿ ಕ್ರಿಸ್ ಪ್ರೆಸ್ಸಿ ಈ ಭಾಷೆ ಮಾಡಿದ್ದೇ ಕಂಪೈಲ್ ಮಾಡಲು, ಅಂದರೆ ಪ್ರೋಗ್ರಾಮನ್ನು ಮೊದಲೇ ಯಂತ್ರದ ಭಾಷೆಗೆ ತಿರುಗಿಸಲು ಹೋದವರಿಗೆ ಆದಷ್ಟು ತ್ರಾಸಾಗಲಿ ಅಂತ. ಇಲ್ಲಿ ಪ್ರೋಗ್ರಾಂ ಸಾಲಿಂದ ಸಾಲಿಗೆ ಇಳಿಯುವುದಿಲ್ಲ. 80 ಕಾಲಂ, 25 ಸಾಲಿನ ಅಂಗಳದಲ್ಲಿ ಮನೆಯಿಂದ ಮನೆಗೆ ನಡೆಯುತ್ತದೆ. ಬಾಣ (> ಥರದ ಚಿಹ್ನೆ) ಸಿಕ್ಕರೆ ಅದು ತೋರಿಸಿದ ಕಡೆ ತಿರುಗುತ್ತದೆ. ಅಂಚು ದಾಟಿದರೆ ಎದುರಿನ ಅಂಚಿನಿಂದ ಒಳಗೆ ಬರುತ್ತದೆ.

ಲೆಕ್ಕವೆಲ್ಲ ಸ್ಟ್ಯಾಕ್ ಮೇಲೆ. ನಮ್ಮ ರೈಸ್ ಮಿಲ್ಲುಗಳಲ್ಲಿ ಹಮಾಲರು ಚೀಲದ ಮೇಲೆ ಚೀಲ ಒಟ್ಟುತ್ತಾರಲ್ಲ, ಹಾಗೆ. ಕೊನೆಗೆ ಇಟ್ಟದ್ದು ಮೊದಲು ಇಳಿಯುತ್ತದೆ. ನಾನು ಶುರು ಮಾಡಿದ್ದು ಇದರಿಂದ:

34+.@

3 ಇಡು, 4 ಇಡು, ಎರಡನ್ನೂ ತೆಗೆದು ಕೂಡಿಸು, ಚುಕ್ಕಿ ಬಂದಾಗ ಬರೆ, @ ಬಂದಾಗ ನಿಲ್ಲು. ಉತ್ತರ 7. ಒಂದು ಮನೆಗೆ ಒಂದೇ ಅಂಕಿ. 10 ಬೇಕಾದರೆ 25* ಅಂತ ಗುಣಿಸಿಯೇ ಪಡೆಯಬೇಕು. ಕಳೆಯುವಾಗ ಇಟ್ಟ ಕ್ರಮ ಮುಖ್ಯ: 82- ಅಂದರೆ 6, 28- ಅಂದರೆ -6.

ನಿಜವಾದ ಮಜಾ ಸಿಕ್ಕಿದ್ದು ಲೂಪಿನಲ್ಲಿ, ಅಂದರೆ ಅದೇ ಹೆಜ್ಜೆಗಳನ್ನು ಮತ್ತೆ ಮತ್ತೆ ಸುತ್ತುವುದರಲ್ಲಿ:

321>:#._@

ಹಾಳೆಯ ಪಕ್ಕಕ್ಕೆ ಸ್ಟ್ಯಾಕ್‌ಗೆ ಜಾಗ ಬಿಟ್ಟುಕೊಂಡು ಒಂದೊಂದೇ ಹೆಜ್ಜೆ ಬರೆದೆ. ಮೊದಲು 3, 2, 1 ಕೂತವು. : ಮೇಲಿನ 1ಕ್ಕೆ ಇನ್ನೊಂದು ಪ್ರತಿ ಮಾಡಿತು. # ಮುಂದಿನ ಮನೆಯನ್ನು ಹಾರಿಸುತ್ತದೆ, ಹಾಗಾಗಿ ಚುಕ್ಕಿ ತಪ್ಪಿತು. _ ಆ ಪ್ರತಿಯನ್ನು ತೆಗೆದು ನೋಡುತ್ತದೆ. ಸೊನ್ನೆಯಾದರೆ ಬಲಕ್ಕೆ, ಇಲ್ಲದಿದ್ದರೆ ಎಡಕ್ಕೆ. 1 ಇತ್ತು, ಎಡಕ್ಕೆ ತಿರುಗಿತು. ಈಗ ಚುಕ್ಕಿ ಸಿಕ್ಕಿತು, 1 ಅಚ್ಚಾಯಿತು. ವಾಪಸ್ ಬರುವಾಗ ಅದೇ # ಈ ಸಲ : ಹಾರಿಸಿತು! ಬಾಣ ಮತ್ತೆ ಬಲಕ್ಕೆ ದೂಡಿತು. 2, 3 ಮುಗಿದ ಮೇಲೆ ಸ್ಟ್ಯಾಕ್ ಖಾಲಿ. ಖಾಲಿ ಸ್ಟ್ಯಾಕ್‌ನಲ್ಲಿ ಕೈಹಾಕಿದರೆ ಬೆಫಂಜ್ ಸೊನ್ನೆ ಕೊಡುತ್ತದೆ, ಅಲ್ಲಿಗೆ @. ಒಂದೇ ಚಿಹ್ನೆ ಹೋಗುವಾಗ ಒಂದು ಕೆಲಸ, ಬರುವಾಗ ಇನ್ನೊಂದು. ಇದನ್ನು ಸುಮ್ನೆ ರನ್ ಮಾಡಿ ನೋಡಿದ್ದರೆ 1 2 3 ಅಷ್ಟೇ ಕಾಣುತ್ತಿತ್ತು.

"ಅಣ್ಣಾ, ಇದ್ರಿಂದ ನೌಕರಿ ಸಿಗ್ತದೇನು?" ಅಂತ ತಮ್ಮ ಕೇಳಿದ. ಇಲ್ಲ ಅಂದೆ. ಆದರೂ ಪಕ್ಕದಲ್ಲೇ ಕೂತು ಮುಂದಿನ ಹೆಜ್ಜೆ ಹೇಳತೊಡಗಿದ.

ಆಮೇಲೆ ಪ್ರಶ್ನೆ ಚಿಹ್ನೆ ನೋಡಿದೆವು. ಅದು ನಾಲ್ಕು ದಿಕ್ಕಿನಲ್ಲಿ ಯಾವುದೋ ಒಂದಕ್ಕೆ ಕಳಿಸುತ್ತದೆ. ಆಟ ಮಾಡಲು ಚೆನ್ನ, ಹಾಳೆಯ ಮೇಲೆ ಬೇಜಾರು. p ಅಕ್ಷರದ ಕತೆ ಬೇರೆ. ಪ್ರೋಗ್ರಾಂ ಓಡುತ್ತಿರುವಾಗಲೇ ತನ್ನದೇ ಅಂಗಳದ ಮನೆಯೊಂದನ್ನು ಅದು ತಿದ್ದಿಬಿಡುತ್ತದೆ. ಅಲ್ಲಿಂದ ಪೆನ್ನು ಬಿಟ್ಟು ಪೆನ್ಸಿಲ್, ರಬ್ಬರ್ ಹಿಡಿದೆವು.