ಕೊನೆಯ ಐವತ್ತು ಪುಟ ಮೆಟ್ರೋದಲ್ಲಿ ಬೇಡ

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಭೈರಪ್ಪನವರ 'ಗೃಹಭಂಗ'ದ ಕೊನೆಯ ಪುಟಗಳನ್ನು ನಾನು ಓದಿದ್ದು ಮೆಟ್ರೋದಲ್ಲಿ, ನಿಂತುಕೊಂಡು. ಸೌತ್ ಎಂಡ್ ಸರ್ಕಲ್‌ನಲ್ಲಿ ಹತ್ತಿದ್ದೆ, ಮೆಜೆಸ್ಟಿಕ್‌ನಲ್ಲಿ ಇಳಿಯಬೇಕಿತ್ತು. ಇಳಿದದ್ದು ಶ್ರೀರಾಮಪುರದಲ್ಲಿ. ಪಕ್ಕದ ಹುಡುಗಿ "ಆಂಟಿ, ಹುಷಾರಿಲ್ವಾ?" ಅಂತ ನೀರಿನ ಬಾಟಲಿ ಕೊಟ್ಟಳು. ಕಾದಂಬರಿ ಓದಿ ಅಳುತ್ತಿದ್ದೇನೆ ಅನ್ನಲು ನಾಚಿಕೆಯಾಗಿ, ಬಿಪಿ ಅಂದೆ.

ಅದಕ್ಕೇ ಹೇಳುತ್ತಿದ್ದೇನೆ. ಭಾರವಾದ ಕಾದಂಬರಿಯ ಕೊನೆಯ ಐವತ್ತು ಪುಟಕ್ಕೆ ಜಾಗ, ಹೊತ್ತು ಎರಡನ್ನೂ ಮೊದಲೇ ನೋಡಿಕೊಳ್ಳಿ. ಭಾನುವಾರ ಮಧ್ಯಾಹ್ನ, ಊಟ ಮುಗಿದು ಮನೆಯವರೆಲ್ಲ ಮಲಗಿದ ಮೇಲೆ ಒಳ್ಳೆಯದು. ರಾತ್ರಿ ಮುಗಿಸಿದರೆ ನಿದ್ದೆ ಹೋಗುತ್ತದೆ, ಬೆಳಗ್ಗೆ ಡಬ್ಬಿಯ ಚಿತ್ರಾನ್ನಕ್ಕೆ ಉಪ್ಪು ಮರೆಯುತ್ತದೆ. ಮುನ್ನುಡಿಯನ್ನೂ ಆಮೇಲೆ ಓದಿ. ಅದರಲ್ಲಿ ಕಥೆಯ ಗುಟ್ಟು ಬಿಟ್ಟುಕೊಡುವವರೇ ಜಾಸ್ತಿ.

ಮುಗಿದ ಕೂಡಲೇ ಯಾರಾದರೂ "ಹೇಗಿತ್ತು?" ಅಂತ ಕೇಳಿಯೇ ಕೇಳುತ್ತಾರೆ. ಅಷ್ಟು ಸಾವುನೋವಿನ ಕಥೆಯನ್ನು ಚೆನ್ನಾಗಿತ್ತು ಅನ್ನುವುದು ಹೇಗೆ? ಪೂರ್ತಿ ಕಥೆ ಹೇಳಲು ಹೊರಟರೆ, ಹೇಳುತ್ತಾ ಹೇಳುತ್ತಾ ಅದು ನಿಮಗೇ ನೀರು ಮಜ್ಜಿಗೆ ಆಗುತ್ತದೆ. ನಾನು ಒಂದೇ ಒಂದು ದೃಶ್ಯ ಹಿಡಿದುಕೊಳ್ಳುತ್ತೇನೆ. ಇದರಲ್ಲಿ, ಕಥಾನಾಯಕಿ ನಂಜಮ್ಮ ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಸೇರಿಸಿ ಊಟದ ಎಲೆ ಹಚ್ಚುವುದು. ಗಂಡ ಹೆಸರಿಗೆ ಶ್ಯಾನುಭೋಗ, ಊರಿನ ಲೆಕ್ಕಿಗ; ಲೆಕ್ಕ ಬರೆಯುವವಳು ಇವಳು. ಅದರ ಜೊತೆಗೆ ಎಲೆ ಹಚ್ಚಿ ಮಕ್ಕಳನ್ನು ಸಾಕುತ್ತಾಳೆ. ಅಮ್ಮನಿಗೆ ಇಷ್ಟೇ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿದರು. "ನಮ್ಮಜ್ಜೀನೂ ಹಚ್ಚುತ್ತಿದ್ದರು ಕಣೇ. ಕಡ್ಡಿ ಚುಚ್ಚಿ ಚುಚ್ಚಿ ಬೆರಳ ತುದಿ ಕಲ್ಲಿನ ಹಾಗಾಗಿತ್ತು" ಅಂದರು. ಅಮ್ಮನ ಬಾಯಿಂದ ಆ ಮಾತು ಅವತ್ತೇ ಮೊದಲು ಕೇಳಿದ್ದು.

ಮಾರನೆಯ ದಿನ ಸುಮ್ನೆ ಒಂದು ಸುತ್ತು ನಡೆಯಿರಿ. ನಾನು ಗಾಂಧಿಬಜಾರಿನ ಹೂವಿನ ಅಂಗಡಿಗಳನ್ನು ದಾಟಿ ಬ್ಯೂಗಲ್ ರಾಕ್ ಕಡೆಗೆ ಹೋದೆ. ತಲೆಯಲ್ಲಿ ಕಾದಂಬರಿಯ ಪ್ಲೇಗು. ಇಲಿ ಬೀಳುತ್ತದೆ, ಜನ ಊರು ಬಿಟ್ಟು ಹೊರಗೆ ಹೋಗುತ್ತಾರೆ. ನಮ್ಮ ಬೆಂಗಳೂರಿಗೂ 1898ರಲ್ಲಿ ಪ್ಲೇಗು ಬಂದಿತ್ತು. ಇಕ್ಕಟ್ಟಾದ ಪೇಟೆ ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರದ ಕಡೆ ಬರಲು ಅದೂ ಒಂದು ಕಾರಣ. ಶಾಲೆಯಲ್ಲಿ ಕೇಳಿ ಮರೆತಿದ್ದೆ. ಅವತ್ತು ನಮ್ಮ ರಸ್ತೆ ಇಷ್ಟು ಅಗಲ ಯಾಕೆ ಅಂತ ನಿಂತು ನೋಡಿದೆ.

ಮುಂದಿನ ಕಾದಂಬರಿಗೆ ಒಂದು ವಾರ ಬಿಡಿ. ಕೈ ಸುಮ್ಮನಿರದಿದ್ದರೆ ಇದೇ ಪುಸ್ತಕದ ಮೊದಲ ಅಧ್ಯಾಯವನ್ನು ಮತ್ತೆ ಓದಿ. ನಂಜಮ್ಮನ ಅತ್ತೆ ಗಂಗಮ್ಮನ ಬೈಗುಳಕ್ಕೆ ಮೊದಲ ಸಲ ನಾನು ಬಿದ್ದು ಬಿದ್ದು ನಕ್ಕಿದ್ದೆ. ಎರಡನೇ ಸಲ ನಗು ಬರಲಿಲ್ಲ. ಆ ಬಾಯಿ ಇನ್ನೂ ಯಾರ್ಯಾರ ಮೇಲೆ ಬೀಳಲಿದೆ ಅಂತ ಈಗ ಗೊತ್ತಲ್ಲ.

ಪುಸ್ತಕ ಕೇಳಿದವರಿಗೆ ಕೊಡಿ, ಆದರೆ ಅವರ ಹಿಂದೆ ಬಿದ್ದು "ಎಲ್ಲಿಗೆ ಬಂತು?" ಅಂತ ಕೇಳಬೇಡಿ. ಇದು ನನಗೇ ಕಷ್ಟ. ನನ್ನ ಪ್ರತಿ ಈಗ ಅಮ್ಮನ ಹತ್ತಿರ ಇದೆ. ಕನ್ನಡಕದ ಡಬ್ಬಿಯನ್ನೇ ಗುರುತಿಗೆ ಇಟ್ಟುಕೊಂಡು ಓದುತ್ತಾರೆ. ನಿನ್ನೆ ಕದ್ದು ನೋಡಿದೆ, ಉಳಿದಿರುವುದು ಇನ್ನು ಸ್ವಲ್ಪವೇ. ಈ ಭಾನುವಾರ ಮಧ್ಯಾಹ್ನ ಮಕ್ಕಳನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗುತ್ತೇನೆ.